ಮಂಡಿಯಿಂದ ಮರಳಿ ಬಂದ ಮೂಟೆ

ಕಂಬಂ ಕಣಿವೆಯ ಬೇಸಾಯದ ಪಂಚಾಂಗವು ಜೂನ್ ಒಂದರಿಂದ ಆರಂಭವಾಗುತ್ತದೆ. ಮುಲ್ಲೈಪೆರಿಯಾರ್ ಅಣೆಕಟ್ಟಿನಲ್ಲಿ ನೀರು ಸಾಕಷ್ಟಿದ್ದ ವರ್ಷ ಅಂದೇ ತೂಬು ತೆರೆಯುತ್ತಾರೆ; ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರುಗಳನ್ನು ದಾಟಿ ತೇನಿಯ ಕಡೆಗೆ ಹರಿಯುವ ಆ ನೀರನ್ನು ನಂಬಿ 14,707 ಎಕರೆ ಗದ್ದೆ ಎರಡು ಬೆಳೆ ತೆಗೆಯುತ್ತದೆ. ಮೊದಲನೆಯ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಮೇಘಮಲೈಯ ನೆತ್ತಿಯ ಮೇಲೆ ಈಶಾನ್ಯ ಮಾರುತದ ಮೋಡ ಕವಿದಿರುತ್ತದೆ. ತೆನೆ ಬಾಗಿದೆ, ಬಿಸಿಲು ಬೇಕು, ಬರುವುದು ಮಳೆ. ಕಣವಿಲ್ಲದವರು ಹೆದ್ದಾರಿಯ ಅಂಚಿನಲ್ಲೇ ಭತ್ತವನ್ನು ಹರವುತ್ತಾರೆ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಆಂಡಿಪಟ್ಟಿಯ ಮೆಟ್ಟಲು ಭೂಮಿಯಲ್ಲಿಯೂ ದಿಂಡಿಗಲ್ಲಿನ ಒಣಭೂಮಿಯಲ್ಲಿಯೂ ಮೆಕ್ಕೆಜೋಳ, ಜೋಳ, ಸಜ್ಜೆಗಳಿಗೆ ಇದೇ ಪಾಡು. ಒಂದು ವಾರ ಸೂರ್ಯನ ಮುಖ ಕಾಣದೆ ಹೋದರೆ ಟಾರ್ಪಾಲಿನ ಅಡಿಯಲ್ಲಿ ಕಾಳು ಬೆವರುತ್ತದೆ, ಬಿಸಿಯೇರುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ.

ಹಾಗೆ ಮುಗ್ಗಿದ ಧಾನ್ಯವು ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಲೇಖನದ ವಿಷಯ. ವ್ಯಾಪಾರಿಯು ಮೂಟೆಗೆ ಕೊಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಮೂಸಿ, ತೇವಾಂಶ ಅಳೆಯುವ ಯಂತ್ರಕ್ಕೆ ಹಾಕಿ ನೋಡುತ್ತಾನೆ. ನಾಮಕ್ಕಲ್, ಪಲ್ಲಡಂ ಕಡೆಯ ಕೋಳಿ ಆಹಾರದ ಕಾರ್ಖಾನೆಗಳಿಗೆ ಮೆಕ್ಕೆಜೋಳ ಕೊಳ್ಳುವವರು ಇನ್ನೂ ಬಿಗಿ. ಬೂಷ್ಟು ಹಿಡಿದ ಜೋಳ ತಿಂದ ಕೋಳಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ, ಸಾಯುತ್ತದೆ. ಆ ನಷ್ಟದ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ನಾಮಕ್ಕಲ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಪರೀಕ್ಷಿಸಲು ಪ್ರತ್ಯೇಕ ಪ್ರಯೋಗಾಲಯವೇ ಇದೆ. ಕೊನೆಗೆ ಯಾರೂ ಕೊಳ್ಳದ ಮೂಟೆ ಬಂಡಿ ಏರಿ ಮನೆಗೆ ಮರಳುತ್ತದೆ. ಅದರಲ್ಲಿ ಒಂದು ಪಾಲು ಹಸುವಿನ ಬಾನಿಗೆ, ಇನ್ನೊಂದು ಪಾಲು ಬಿಸಿಲು ಕಂಡು ಹಿಟ್ಟಿನ ಗಿರಣಿಗೆ. ಕೋಳಿಗೆ ಆಗದೆಂದು ತಿರಸ್ಕರಿಸಿದ ಕಾಳನ್ನು ಮನೆಯ ಮಕ್ಕಳು ಉಣ್ಣುತ್ತಾರೆ. ನಮ್ಮ ವ್ಯವಸ್ಥೆಯಲ್ಲಿ ಇದಕ್ಕಿಂತ ವಿಪರೀತವಾದ ಸಂಗತಿ ಬೇರೊಂದು ಕಾಣದು.

ಬೂಷ್ಟು ಎಂದರೆ ಶಿಲೀಂಧ್ರ. ಎಲ್ಲ ಶಿಲೀಂಧ್ರವೂ ಕೆಟ್ಟದ್ದಲ್ಲ; ಪೆನಿಸಿಲಿನ್ ಔಷಧವೂ ಅದರಿಂದಲೇ ಬಂದದ್ದು. ಆದರೆ ಧಾನ್ಯದ ಮೇಲೆ ಬೆಳೆಯುವ ಕೆಲವು ಜಾತಿಗಳು ಬೆಳೆಯುತ್ತಿರುವಾಗಲೇ ಕಾಳಿನೊಳಗೆ ವಿಷವನ್ನು ಇಳಿಸುತ್ತವೆ. ಅವುಗಳಲ್ಲಿ ಮುಖ್ಯವಾದುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿಹಸಿರು ಬೂಷ್ಟು. ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಾಗ ಅದರ ಮೂಲವನ್ನು ಹುಡುಕುತ್ತ ಹೋದವರು ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷವನ್ನು ಕಂಡುಹಿಡಿದರು. ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮುಗ್ಗಲು ವಾಸನೆ ಬರುವುದು ಬೂಷ್ಟಿನಿಂದ. ಬೂಷ್ಟನ್ನು ಉಜ್ಜಿ ತೆಗೆಯಬಹುದು, ಬಿಸಿಲಿಗೆ ಹಾಕಿ ಸಾಯಿಸಬಹುದು. ಒಳಗೆ ಇಳಿದ ವಿಷವು ಉಳಿಯುತ್ತದೆ. ಅಫ್ಲಾಟಾಕ್ಸಿನ್ ಒಡೆಯಬೇಕಾದರೆ ಸುಮಾರು 240 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ನಮ್ಮ ಅನ್ನದ ಪಾತ್ರೆಯಲ್ಲಿ ನೀರು ಕುದಿಯುವುದು ನೂರು ಡಿಗ್ರಿಗೆ.

ನಮ್ಮ ದೇಶದಲ್ಲಿಯೇ ಇದು ಏನು ಮಾಡಿತೆಂಬುದನ್ನು ತಿಳಿಯಲು 1974ರ ಶರತ್ಕಾಲಕ್ಕೆ ಹೋಗಬೇಕು. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಎಂಬ ಎರಡು ಜಿಲ್ಲೆಗಳು ಒಂದಕ್ಕೊಂದು ಸಮೀಪದಲ್ಲಿವೆ. ಮೆಕ್ಕೆಜೋಳವೇ ಅಲ್ಲಿನ ಬಡ ಆದಿವಾಸಿ ಕುಟುಂಬಗಳ ಮುಖ್ಯ ಆಹಾರ. ಆ ವರ್ಷ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿತ್ತು. ತೆನೆ ನೆನೆಯಿತು, ಸರಿಯಾಗಿ ಒಣಗಿಸಲು ಆಗಲಿಲ್ಲ, ಬೂಷ್ಟು ಹಿಡಿಯಿತು. ಮನೆಯಲ್ಲಿ ಬೇರೆ ಧಾನ್ಯವಿರಲಿಲ್ಲವಾದ್ದರಿಂದ ಅದನ್ನೇ ಬೀಸಿ ರೊಟ್ಟಿ ತಟ್ಟಿ ವಾರಗಟ್ಟಲೆ ಉಂಡರು. ಬಳಿಕ ಕಾಮಾಲೆ ಕಾಣಿಸಿಕೊಂಡಿತು. ಕಾಮಾಲೆಯ ಹಿಂದೆಯೇ ಹೊಟ್ಟೆಯಲ್ಲಿ ನೀರು ತುಂಬಿತು. ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ 397 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 106 ಮಂದಿ ತೀರಿಕೊಂಡರು.

ಮೊದಲಿಗೆ ಇದು ಸಾಂಕ್ರಾಮಿಕ ಕಾಮಾಲೆಯಂತೆ ಕಂಡುದು ಸಹಜ. ಆದರೆ ಆ ಮನೆಗಳ ನಾಯಿಗಳಿಗೂ ಅದೇ ರೋಗ ಬಂದಿತ್ತು, ಅದೇ ರೀತಿ ಹೊಟ್ಟೆ ಉಬ್ಬಿ ಅವೂ ಸತ್ತಿದ್ದವು. ಮನುಷ್ಯನ ಕಾಮಾಲೆಯು ನಾಯಿಗೆ ಅಂಟುವುದಿಲ್ಲ. ಮನುಷ್ಯನೂ ನಾಯಿಯೂ ಹಂಚಿಕೊಂಡದ್ದು ರೊಟ್ಟಿಯನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ ಭಟ್ ಮೊದಲಾದ ವಿಜ್ಞಾನಿಗಳು ಮೆಕ್ಕೆಜೋಳದ ಮಾದರಿಗಳನ್ನು ಪರೀಕ್ಷಿಸಿದಾಗ ಒಂದು ಕಿಲೋ ಕಾಳಿನಲ್ಲಿ 6.25ರಿಂದ 15.6 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಸಿಕ್ಕಿತು. ಇಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಏಕದಳ ಧಾನ್ಯಕ್ಕೆ ವಿಧಿಸಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಆ ಹಳ್ಳಿಗಳ ರೊಟ್ಟಿಯಲ್ಲಿ ಇದ್ದುದು ಈ ಮಿತಿಯ ನಾನೂರು ಪಟ್ಟಿನಿಂದ ಸಾವಿರ ಪಟ್ಟು. ಮರುವರ್ಷ ಅದೇ ಊರುಗಳ ಮೆಕ್ಕೆಜೋಳದಲ್ಲಿ ವಿಷ ತೀರ ಅಲ್ಪವಾಗಿತ್ತು, ರೋಗವೂ ಬರಲಿಲ್ಲ. ಜನರು ಅವರೇ, ಅಡುಗೆಯೂ ಅದೇ. ಬದಲಾದದ್ದು ಮಳೆ ಮಾತ್ರ. ಮೂವತ್ತು ವರ್ಷಗಳ ನಂತರ, 2004ರಲ್ಲಿ, ಕೆನ್ಯಾ ದೇಶದಲ್ಲಿ ಇದೇ ಕಥೆ ಮರುಕಳಿಸಿ ಮೆಕ್ಕೆಜೋಳ ಉಂಡ 317 ಮಂದಿಯಲ್ಲಿ 125 ಮಂದಿ ಸತ್ತರು.

ಕನ್ನಡ ನಾಡಿಗೂ ಇದು ಹೊಸದಲ್ಲ. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಕೋಳಿಮರಿಗಳು ಸಾವಿರಗಟ್ಟಲೆ ಸತ್ತದ್ದು ಈ ವಿಷದಿಂದಲೇ. ಇನ್ನೂ ಮನಸ್ಸು ಕಲಕುವ ವರದಿಯೊಂದು 1971ರಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಎಳೆಯ ಮಕ್ಕಳಿಗೆ ಪ್ರೋಟೀನ್ ಒದಗಿಸಲೆಂದು ಕಡಲೆಕಾಯಿ ಹಿಟ್ಟನ್ನು ಕೊಟ್ಟಿದ್ದರು. ಆ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇದ್ದುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮಕ್ಕಳ ಯಕೃತ್ತು ಕೆಟ್ಟಿತ್ತು. ವೈದ್ಯರು ಮತ್ತು ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಸೇರಿ ಇದನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು. ಹಾಗೆ ಬರೆದುದರಿಂದಲೇ ಮಕ್ಕಳ ಆಹಾರದಲ್ಲಿ ಈ ವಿಷದ ಅಪಾಯವು ಜಗತ್ತಿಗೆ ಸ್ಪಷ್ಟವಾಯಿತೆಂಬುದನ್ನು ಸ್ಮರಿಸಬೇಕು.

1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ವಿಷ ಕಾಣಿಸಿಕೊಂಡಿತು. ಮಳೆಗೆ ಸಿಕ್ಕಿ ಕಪ್ಪಾದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ಉಂಡವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು ಎನ್ನುವುದು, ಭೇದಿ. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಈ ಕಾಯಿಲೆ ಇತ್ತು. ಕಾರಣ ಫ್ಯುಮೋನಿಸಿನ್, ಫ್ಯುಸೇರಿಯಂ ಜಾತಿಯ ಬೂಷ್ಟು ಹೊಲದಲ್ಲಿ ನಿಂತ ತೆನೆಯಲ್ಲಿಯೇ ಇದನ್ನು ಉಂಟುಮಾಡುತ್ತದೆ. ಆ ಕಾಳನ್ನು ಕೋಳಿಮರಿಗೆ ತಿನ್ನಿಸಿದಾಗ ಅದಕ್ಕೂ ಭೇದಿಯಾಯಿತು. ರೊಟ್ಟಿ ನಿಲ್ಲಿಸಿದವರು ಗುಣವಾದರು, ಯಾರೂ ಸಾಯಲಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಒಂದೇ ಊರಿನಲ್ಲಿ ಒಳ್ಳೆಯ ಕಾಳು ಕೊಳ್ಳಲು ಶಕ್ತಿಯಿದ್ದ ಮನೆಗಳಿಗೆ ಏನೂ ಆಗಲಿಲ್ಲ.

ಸಜ್ಜೆಯ ವಿಷಯವೂ ಒಂದು ಮಾತು. ಹೂ ಬಿಡುವ ಕಾಲಕ್ಕೆ ಜಡಿಮಳೆ ಹಿಡಿದರೆ ಸಜ್ಜೆಯ ತೆನೆಯಿಂದ ಜೇನಿನಂಥ ಅಂಟು ಸುರಿಯುತ್ತದೆ, ಕಾಳಿನ ಜಾಗದಲ್ಲಿ ಕಪ್ಪುಕಂದು ಗಂಟು ಕಟ್ಟುತ್ತದೆ. ಇದು ಅರ್ಗಟ್ ರೋಗ. 1975ರಲ್ಲಿ ರಾಜಸ್ಥಾನದಲ್ಲಿ ಇಂಥ ಸಜ್ಜೆ ಉಂಡವರಿಗೆ ವಾಂತಿ, ತಲೆಸುತ್ತು, ವಿಪರೀತ ತೂಕಡಿಕೆ ಬಂದಿತ್ತು. ಇದಕ್ಕೆ ಮಾತ್ರ ಪರಿಹಾರ ಸುಲಭ. ನೀರಿಗೆ ಧಾರಾಳವಾಗಿ ಉಪ್ಪು ಹಾಕಿ, ಹತ್ತು ಲೀಟರಿಗೆ ಎರಡು ಕಿಲೋದಂತೆ ಕರಗಿಸಿ ಸಜ್ಜೆಯನ್ನು ಅದಕ್ಕೆ ಸುರಿದರೆ ರೋಗದ ಗಂಟುಗಳು ತೇಲುತ್ತವೆ, ಒಳ್ಳೆಯ ಕಾಳು ಮುಳುಗುತ್ತದೆ. ತೇಲಿದ್ದನ್ನು ಬಳಿದು ತೆಗೆದು, ಉಳಿದುದನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಚೆನ್ನಾಗಿ ಒಣಗಿಸಬೇಕು.

ಆದರೆ ಇವೆಲ್ಲ ಕಣ್ಣಿಗೆ ಬೀಳುವ ಅನಾಹುತಗಳು. ನಮ್ಮ ಕಣಿವೆಯ ಮನೆಗಳು ಹೆಚ್ಚು ಅಂಜಬೇಕಾದುದು ಕಣ್ಣಿಗೆ ಬೀಳದುದಕ್ಕೆ. ಅಲ್ಪಸ್ವಲ್ಪ ಅಫ್ಲಾಟಾಕ್ಸಿನ್ ದಿನವೂ ಹೊಟ್ಟೆಗೆ ಹೋದರೆ ಅಂದು ಏನೂ ಆಗುವುದಿಲ್ಲ. ಹತ್ತಾರು ವರ್ಷಗಳ ಮೇಲೆ ಯಕೃತ್ತಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲನೆಯ ಗುಂಪಿನಲ್ಲಿ ಇರಿಸಿದೆ. ಹೆಪಟೈಟಿಸ್ ಬಿ ಸೋಂಕು ಇದ್ದವರಲ್ಲಿ ಅಪಾಯವು ಸುಮಾರು ಮೂವತ್ತು ಪಟ್ಟು ಏರುತ್ತದೆಂದು ಅಂದಾಜು. ಹುಟ್ಟಿದ ದಿನ ಮತ್ತು ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಲಸಿಕೆಗೆ ಹೀಗೆ ಎರಡನೆಯ ಪ್ರಯೋಜನವೂ ಇದೆ. ಮಕ್ಕಳ ವಿಚಾರದಲ್ಲಿ ಇನ್ನೊಂದು ಸಂದೇಹವಿದೆ. ಆಫ್ರಿಕಾದ ಬೆನಿನ್, ಟೋಗೊ ದೇಶಗಳಲ್ಲಿ ಎಳೆಯ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಅಫ್ಲಾಟಾಕ್ಸಿನ್ ಹೆಚ್ಚಿದ್ದ ಮಕ್ಕಳು ಎತ್ತರದಲ್ಲಿ ಹಿಂದೆ ಬಿದ್ದುದು ಕಂಡಿತು. ಎದೆಹಾಲು ಬಿಡಿಸಿ ಗಂಜಿ ಆರಂಭಿಸಿದ ಮೇಲೆ ವಿಷದ ಪ್ರಮಾಣ ಏರಿತ್ತು. ಮಗು ಬೆಳೆಯುತ್ತಿಲ್ಲವೆಂದು ಇನ್ನೂ ಒಂದು ಹಿಡಿ ಹಿಟ್ಟು ಹೆಚ್ಚಿಗೆ ಹಾಕುವ ತಾಯಿಗೆ ಇದು ತಿಳಿದಿರಬೇಕು.

ಭತ್ತಕ್ಕೆ ಒಂದು ಅನುಕೂಲವಿದೆ. ಅದರ ಹೊಟ್ಟು ಗಟ್ಟಿಯಾದ ಕವಚ. ಮೆಕ್ಕೆಜೋಳ, ಕಡಲೆಕಾಯಿಗಳಷ್ಟು ಬೇಗ ಅದಕ್ಕೆ ವಿಷ ತಗಲುವುದಿಲ್ಲ. ಆದರೂ ಮೂರು ಹೊತ್ತೂ ಉಣ್ಣುವ ಧಾನ್ಯವಾದ್ದರಿಂದ ಅಲಕ್ಷ್ಯ ಸಲ್ಲದು. ಗುಡ್ಡೆಯಲ್ಲಿ ಕಾವೇರಿ ಹಳದಿಗೆ ತಿರುಗಿದ ಅಕ್ಕಿಯನ್ನು ನಾವು ಸಾಮಾನ್ಯವಾಗಿ ದೋಸೆಗೆ ನೆನೆಹಾಕುತ್ತೇವೆ. ಜಪಾನಿನಲ್ಲಿ ಹಳದಿ ಬೂಷ್ಟಿನ ಅಕ್ಕಿಗೂ ಹೃದಯ ಹಠಾತ್ತನೆ ಸೋಲುವ ಒಂದು ಬಗೆಯ ಬೆರಿಬೆರಿ ರೋಗಕ್ಕೂ ನಂಟಿದೆಯೆಂದು ಅಲ್ಲಿನ ವಿದ್ವಾಂಸರು ತೋರಿಸಿದರು. 1910ರಲ್ಲಿ ಸರ್ಕಾರವು ಅಕ್ಕಿಯ ತಪಾಸಣೆಯನ್ನು ಬಿಗಿಗೊಳಿಸಿದ ಮೇಲೆ ಆ ರೋಗ ಬಹುಬೇಗ ಇಳಿಯಿತು. ಔಷಧವಿಲ್ಲದೆ ತಪಾಸಣೆಯಿಂದಲೇ ರೋಗ ಇಳಿದ ನಿದರ್ಶನ ಇದು.

ಇನ್ನು ಹಸುವಿನ ಬಾನಿಗೆ ಹೋದ ಪಾಲಿನ ಮಾತು. ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕಪ್ಪಿಲಿಯ ಒಕ್ಕಲಿಗರಿಗೆ ಗೋವೆಂದರೆ ಬರಿಯ ಸೊತ್ತಲ್ಲ. ಕಂಬಂನ ನಂದಗೋಪಾಲ ಸ್ವಾಮಿಯ ತೊಳುವಿನ ದೇವರ ದನಗಳಿಗೆ ಮೇವು ಅರ್ಪಿಸುವುದು ಅವರ ಭಕ್ತಿಯ ರೂಢಿ. ಅಂಥ ಮನೆಗಳಲ್ಲಿಯೂ ಮನುಷ್ಯರಿಗಾಗದ ಮೆಕ್ಕೆಜೋಳ, ಮುಗ್ಗಿದ ಹಿಂಡಿ, ಕಪ್ಪಾದ ಹುಲ್ಲು ಹಟ್ಟಿಗೆ ಹೋಗುವುದುಂಟು. ಹಸುವು ತಿಂದ ಅಫ್ಲಾಟಾಕ್ಸಿನ್‌ನ ಒಂದು ಸಣ್ಣ ಅಂಶವು ರೂಪ ಬದಲಿಸಿ ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಹಾಲನ್ನು ಕಾಯಿಸಿದರೂ ಹೆಪ್ಪು ಹಾಕಿದರೂ ಅದು ಪೂರ್ತಿಯಾಗಿ ಹೋಗದು. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಹಾಲಿಗೆ ನೀರು, ಯೂರಿಯಾ ಬೆರೆಸುತ್ತಾರೆಂಬುದೇ ಜನರ ಭಯವಾಗಿತ್ತು. ಸಮೀಕ್ಷೆಯು ತೋರಿಸಿದ್ದು ಬೇರೆ. ಮಿತಿ ಮೀರಿದ ಅಫ್ಲಾಟಾಕ್ಸಿನ್ 368 ಮಾದರಿಗಳಲ್ಲಿ ಇತ್ತು, ಅಂದರೆ ನೂರಕ್ಕೆ 5.7. ರಾಜ್ಯಗಳ ಪೈಕಿ ಮೊದಲ ಸ್ಥಾನ ನಮ್ಮ ತಮಿಳುನಾಡಿಗೆ: 551 ಮಾದರಿಗಳಲ್ಲಿ 88. ಯಾರೂ ಬೇಕೆಂದು ಬೆರೆಸಿದ್ದಲ್ಲ, ಮೇವಿನಿಂದ ಬಂದದ್ದು. ಸಮಾಧಾನದ ಸಂಗತಿಯೆಂದರೆ ಮುಗ್ಗಿದ ಹಿಂಡಿಯನ್ನು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಮಳೆಗಾಲದಲ್ಲಿ ಹಿಂಡಿಯನ್ನು ಮೂಟೆಗಟ್ಟಲೆ ಕೊಂಡಿಡದೆ ವಾರಕ್ಕೆ ಬೇಕಾದಷ್ಟೇ ತರುವುದು, ಬಣವೆಯ ತಳಕ್ಕೆ ಕಲ್ಲೋ ಮರದ ದಿಮ್ಮಿಯೋ ಕೊಡುವುದು, ಮೇಲಿನ ಕೊಳೆತ ಪದರವನ್ನು ಕೊಟ್ಟಿಗೆಗೆ ತಾರದೆ ತಿಪ್ಪೆಗೆ ಹಾಕುವುದು, ಇಷ್ಟು ಸಾಕು.

ಮನೆಯ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸಗಳಲ್ಲಿ ಯಾವುದು ಉಪಯುಕ್ತ, ಯಾವುದು ಅಲ್ಲ ಎಂಬುದನ್ನು ಈಗ ನೋಡೋಣ. ಮೊರದಲ್ಲಿ ಕೇರಿ, ಕಾಳನ್ನು ಒಂದೊಂದಾಗಿ ಆರಿಸಿ ಹಸನು ಮಾಡುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ. ವಿಷವು ಮೂಟೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಸುಕ್ಕಿದ, ಒಡೆದ, ಹುಳು ಕೊರೆದ, ಬಣ್ಣಗೆಟ್ಟ ಕೆಲವೇ ಕಾಳುಗಳಲ್ಲಿ ಹೆಚ್ಚಿನ ಭಾಗ ಸೇರಿಕೊಂಡಿರುತ್ತದೆ. ಆರಿಸಿದ ಮೇಲೆ ತೊಳೆಯುವುದೂ ಒಳ್ಳೆಯದು. ದಕ್ಷಿಣ ಆಫ್ರಿಕಾದ ಹಳ್ಳಿಯೊಂದರಲ್ಲಿ ಮೆಕ್ಕೆಜೋಳವನ್ನು ಆರಿಸಿ ತೊಳೆದಾಗ ಫ್ಯುಮೋನಿಸಿನ್‌ನ ಬಹುಪಾಲು ಇಳಿದದ್ದು ಕಂಡಿದೆ. ಬೇವಿನ ಸೊಪ್ಪು ಹುಳುವನ್ನು ದೂರವಿಡುತ್ತದೆ, ತೇವದಿಂದ ಕಾಪಾಡುವುದಿಲ್ಲ. ಹುರಿಯುವುದರಿಂದ ಮುಗ್ಗಲು ವಾಸನೆ ಅಡಗುತ್ತದೆ, ವಿಷ ಪೂರ್ತಿ ಅಡಗುವುದಿಲ್ಲ. ಹೀಗಾಗಿ ಮಕ್ಕಳಿಗೆಂದು ಹತ್ತು ಹನ್ನೆರಡು ಕಾಳು ಸೇರಿಸಿ ಮಾಡುವ ಹುರಿಹಿಟ್ಟು, ಇಲ್ಲಿನವರ ಮಾತಿನಲ್ಲಿ ಸತ್ತುಮಾವು, ವಿಶೇಷ ಎಚ್ಚರವನ್ನು ಬೇಡುತ್ತದೆ: ಹುರಿದು ಬೀಸಿದ ಮೇಲೆ ಕಣ್ಣಿಗೂ ಮೂಗಿಗೂ ಯಾವ ಗುರುತೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಒಡಕು ಕಡಲೆಕಾಯಿ ಅದಕ್ಕೆ ಸೇರಬಾರದು.

ಹಿಂದೆ ಬಯಲುಸೀಮೆಯಲ್ಲಿ ಹಗೇವುಗಳಿದ್ದವು. ತಮಿಳರ ಮನೆಗಳಲ್ಲಿ ಕುದಿರ್ ಎಂಬ ಮಣ್ಣಿನ ಕಣಜವಿತ್ತು. ಹಗೇವಿನ ಗೋಡೆಗೂ ತಳಕ್ಕೂ ತಾಗಿದ ಕಾಳು ಮುಗ್ಗುತ್ತದೆಂದು ಹಿರಿಯರಿಗೆ ಗೊತ್ತಿತ್ತು, ಅದಕ್ಕೇ ಹುಲ್ಲಿನ ಒಳಪದರ ಕೊಡುತ್ತಿದ್ದರು. ಇಂದು ನಾವು ಸಿಮೆಂಟು ನೆಲದ ಮೇಲೆ, ಗೋಡೆಗೆ ಒರಗಿಸಿ, ಪ್ಲಾಸ್ಟಿಕ್ ಚೀಲಗಳನ್ನು ಪೇರಿಸುತ್ತೇವೆ. ಹಲಗೆ ಹಾಸಿ, ಗೋಡೆಯಿಂದ ಒಂದು ಅಡಿ ಬಿಡುವುದಕ್ಕೆ ಖರ್ಚೇನೂ ಇಲ್ಲ. ಮೆಕ್ಕೆಜೋಳವನ್ನು ತೆನೆಯಲ್ಲಿಯೇ ಒಣಗಿಸಿ ಆಮೇಲೆ ಬಿಡಿಸಿದರೆ ಕಾಳು ಒಡೆಯುವುದು ಕಡಿಮೆ; ಒಡೆದ ಕಾಳೇ ಬೂಷ್ಟಿಗೆ ಬಾಗಿಲು.

ಇಷ್ಟಾದರೂ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸರ್ಕಾರದ ನೇರ ಖರೀದಿ ಕೇಂದ್ರಗಳು ಭತ್ತವನ್ನು ನೂರಕ್ಕೆ 17 ತೇವಾಂಶದವರೆಗೆ ಕೊಳ್ಳುತ್ತವೆ. ಮಳೆಯ ವರ್ಷಗಳಲ್ಲಿ ರೈತರು 22ರವರೆಗೆ ಸಡಿಲಿಕೆ ಕೇಳಿದ್ದುಂಟು. 2022ರಲ್ಲಿ ಕೇಂದ್ರ ಸರ್ಕಾರ 19ರವರೆಗೆ ಒಪ್ಪಿತು. ಬೂಷ್ಟಿಲ್ಲದೆ ತಿಂಗಳುಗಟ್ಟಲೆ ಇಡಬೇಕಾದರೆ ತೇವಾಂಶ ಸುಮಾರು 14ಕ್ಕೆ ಇಳಿಯಬೇಕು. ಈ ಅಂತರವನ್ನು ಒಣಗಿಸುವ ಯಂತ್ರವೇ ತುಂಬಬೇಕು. ಸಡಿಲಿಕೆಯು ರೈತನ ಕೈಗೆ ಹಣ ತರುತ್ತದೆ, ಸರಿ. ಆದರೆ ಕಾಳು ಒಣಗುವುದಿಲ್ಲ. ಚಿನ್ನಮನೂರಿನಂಥ ಊರಿಗೆ ಬೇಕಾದುದು ಮಳೆಯಲ್ಲಿಯೂ ನಡೆಯುವ, ಬಾಡಿಗೆಗೆ ಸಿಗುವ ಒಣಗಿಸುವ ಯಂತ್ರ, ಮತ್ತು ಮನೆಬಳಕೆಯ ಕಾಳನ್ನೂ ಕೋಳಿ ಆಹಾರದಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿಕೊಡುವ ಒಂದು ವ್ಯವಸ್ಥೆ. ಪಂಚಾಯಿತಿ ಸಭೆಗಳಲ್ಲಿ ರಸ್ತೆ, ದೀಪಗಳ ಜೊತೆಗೆ ಇದನ್ನೂ ಕೇಳುವ ಹಕ್ಕು ನಮಗಿದೆ.

ಅಲ್ಲಿಯವರೆಗೆ ಶಾಲೆಯ ಮಕ್ಕಳೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಮುಚ್ಚಳವಿರುವ ಒಂದು ಗಾಜಿನ ಶೀಶೆಯನ್ನು ತೊಳೆದು ಪೂರ್ತಿ ಒಣಗಿಸಿರಿ. ಮೂರನೆಯ ಒಂದು ಭಾಗದಷ್ಟು ಕಾಳು ಹಾಕಿ, ಬಾಣಲೆಯಲ್ಲಿ ಬಿಸಿಮಾಡಿ ಆರಿಸಿದ ಪುಡಿಉಪ್ಪನ್ನು ಎರಡು ಮೂರು ಚಮಚ ಬೆರೆಸಿ, ಮುಚ್ಚಿ, ಒಂದು ನಿಮಿಷ ಚೆನ್ನಾಗಿ ಕುಲುಕಿರಿ. ಕಾಲು ಗಂಟೆ ಹಾಗೆಯೇ ಬಿಡಿರಿ. ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವಾಂಶವು ನೂರಕ್ಕೆ 15ಕ್ಕಿಂತ ಹೆಚ್ಚಿದೆ, ಆ ಕಾಳು ಇನ್ನೂ ಬಿಸಿಲು ಕಾಣಬೇಕು. ಉಪ್ಪು ಉದುರಿ ತಳಕ್ಕೆ ಇಳಿದಿದ್ದರೆ ಚೀಲ ಹೊಲಿಯಬಹುದು. ಆಗಲೇ ಬೂಷ್ಟು ಹಿಡಿದ ಕಾಳಿಗೆ ಈ ಪರೀಕ್ಷೆಯಿಲ್ಲ. ಅದನ್ನು ಹಸುವಿಗೂ ಕೋಳಿಗೂ ಹಾಕದೆ ಗೊಬ್ಬರದ ಗುಂಡಿಗೆ ಸುರಿದು ಮಣ್ಣು ಮುಚ್ಚಬೇಕು.